ಪಿಕಪ್ ಗಾಡಿಯ ಶಾಕ್ ಅಬ್ಸಾರ್ಬರ್ ಸವೆದರೆ ರಿಪೇರಿ ಮಾಡಿಸಬೇಕೋ, ಹೊಸದು ಹಾಕಿಸಬೇಕೋ?

ಗಾಡಿ ಜೊತೆ ಬಂದ ಮಾಮೂಲಿ ಶಾಕ್ ಆಗಿದ್ದರೆ ಯೋಚನೆಯೇ ಬೇಡ, ಹೊಸದು ಹಾಕಿಸಿ. ಬಿಚ್ಚಿ ಜೋಡಿಸಲು ಬರುವ ದುಬಾರಿ ಆಫ್‌ರೋಡ್ ಶಾಕ್ ಆಗಿದ್ದು, ಅದರ ರಾಡ್ (ಶಾಕ್‌ನಿಂದ ಒಳಗೆ-ಹೊರಗೆ ಓಡಾಡುವ ಸರಳು) ಚೆನ್ನಾಗಿದ್ದರೆ ಮಾತ್ರ ರಿಪೇರಿ ಲಾಭ.

ಶಾಕ್‌ನೊಳಗೆ ಪಿಸ್ಟನ್ ತನ್ನ ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ದಾಟಿಸುತ್ತಾ ಓಡಾಡುತ್ತದೆ. ಆ ತಡೆಯೇ ಗಾಡಿಯ ಕುಣಿತವನ್ನು ಶಾಖವಾಗಿಸಿ ಅಡಗಿಸುವುದು. ಕಾದು ಕಾದು ಎಣ್ಣೆ ಸತ್ವ ಕಳೆದುಕೊಳ್ಳುತ್ತದೆ, ರಾಡ್ ಹೊರಬರುವ ಜಾಗದ ಸೀಲ್ ಸವೆದು ಸೋರುತ್ತದೆ. ಹೆಚ್ಚಾಗಿ ಕೆಡುವುದು ಇವೆರಡೇ, ಎರಡೂ ಅಗ್ಗದವು. ಆದರೆ ಮಾಮೂಲಿ ಶಾಕ್‌ನ ಬಾಯಿಯನ್ನು ಕಾರ್ಖಾನೆಯಲ್ಲೇ ಶಾಶ್ವತವಾಗಿ ಮುಚ್ಚಿರುತ್ತಾರೆ; ತೆರೆಯಬೇಕೆಂದರೆ ಕತ್ತರಿಸಬೇಕು. ರಿಪೇರಿಗೆ ಬರುವಂಥದ್ದರಲ್ಲಿ ಮುಚ್ಚಳವನ್ನು ಥ್ರೆಡ್ ಅಥವಾ ಲಾಕ್ ರಿಂಗ್ ಹಿಡಿದಿರುತ್ತದೆ.

ಇನ್ನು ರಾಡ್. ಒರೆಸಿ, ಅದರ ಮೇಲೆ ಉಗುರು ಆಡಿಸಿ ನೋಡಿ. ತುಕ್ಕಿನ ಗುಳಿಯೋ ಗೀರೋ ಉಗುರಿಗೆ ತಡೆದರೆ, ಅದು ಹೊಸ ಸೀಲನ್ನೂ ಬೇಗನೆ ಕೊಯ್ದುಹಾಕುತ್ತದೆ. ರಾಡ್ ಕೂಡ ಬದಲಿಸಲು ಹೊರಟರೆ ಖರ್ಚು ಏರುತ್ತದೆ, ಅಲ್ಲಿಗೆ ಹೊಸದೇ ವಾಸಿ.

ಮನೆಯಲ್ಲೇ ಬಿಚ್ಚುವ ಹುಮ್ಮಸ್ಸಿದ್ದರೆ ಒಂದು ಎಚ್ಚರಿಕೆ: ಇಂಥ ಶಾಕ್‌ಗಳಲ್ಲಿ ನೈಟ್ರೋಜನ್ ಅನ್ನು ಸಾಮಾನ್ಯವಾಗಿ 200 ಪಿಎಸ್‌ಐ ಆಸುಪಾಸಿನ ಒತ್ತಡದಲ್ಲಿ ತುಂಬಿರುತ್ತಾರೆ. ಅದನ್ನು ಪೂರ್ತಿ ಬಿಡದೆ ಮುಚ್ಚಳ ಸಡಿಲಿಸಿದರೆ ಒಳಗಿನ ಭಾಗಗಳು ಮುಖಕ್ಕೇ ಸಿಡಿಯಬಹುದು. ಮತ್ತೆ ಗ್ಯಾಸ್ ತುಂಬಲು ಬೇರೆಯೇ ಸಲಕರಣೆ ಬೇಕು, ಆದ್ದರಿಂದ ಈ ಕೆಲಸ ಶಾಕ್ ಮೆಕ್ಯಾನಿಕ್‌ಗೇ ಬಿಡುವುದು ಜಾಣತನ.

ಯಾವುದನ್ನೇ ಮಾಡಿಸಿ, ಒಂದೇ ಆಕ್ಸಲ್‌ನ ಎರಡೂ ಶಾಕ್‌ಗಳನ್ನು ಒಟ್ಟಿಗೆ ಮಾಡಿಸಿ. ಒಂದು ಬಿಗಿ, ಇನ್ನೊಂದು ಸಡಿಲವಾದರೆ ತಿರುವಿನಲ್ಲಿ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ.