ಹಳೆಯ ಬಡಾವಣೆಯ ಮನೆ, ವಿಶಾಲ ನಿವೇಶನ: ಕೊಳ್ಳುವ ಮುನ್ನ

ಪ್ರಶ್ನೆ: ನಾನು ಮಂಡ್ಯದ ನಿವೃತ್ತ ಶಿಕ್ಷಕಿ. ಮಗನಿಗೆ ಮೈಸೂರಿನಲ್ಲಿ ಕೆಲಸವಾಗಿರುವುದರಿಂದ ಅಲ್ಲಿಯೇ ನೆಲೆಸಬೇಕೆಂದಿದ್ದೇವೆ. ಒಂಟಿಕೊಪ್ಪಲಿನ ಸಮೀಪದ ಹಳೆಯ ಬಡಾವಣೆಯಲ್ಲಿ 80 ಅಡಿ ಅಗಲ, 110 ಅಡಿ ಉದ್ದದ ನಿವೇಶನವಿರುವ ಮನೆಯೊಂದು ಮಾರಾಟಕ್ಕಿದೆ. 1968ರಲ್ಲಿ ಕಟ್ಟಿದ ಮುಂಭಾಗಕ್ಕೆ ಮಂಗಳೂರು ಹೆಂಚು, 1984ರಲ್ಲಿ ಸೇರಿಸಿದ ಹಿಂಭಾಗಕ್ಕೆ ಆರ್‌ಸಿಸಿ ತಾರಸಿ ಇದೆ. ಹಿತ್ತಲಿನಲ್ಲಿ ಬಾವಿ, ಮಾವು, ತೆಂಗು, ಎರಡು ಶ್ರೀಗಂಧದ ಮರಗಳಿವೆ. ನಡುಮನೆಯ ಗೋಡೆಯ ಬುಡದಲ್ಲಿ ತೇವವಿದೆ. ಹಳೆಯ ಭಾಗ ಮತ್ತು ಹೊಸ ಭಾಗ ಕೂಡುವಲ್ಲಿ ಬಿರುಕಿದೆ. ಮನೆ ಕಟ್ಟಿಸಿದ ಯಜಮಾನರು ತೀರಿಕೊಂಡಿದ್ದು, ಮೂವರು ಮಕ್ಕಳಲ್ಲಿ ಒಬ್ಬರು ವಿದೇಶದಲ್ಲಿದ್ದಾರೆ. ಈ ವಾರದೊಳಗೆ ಮುಂಗಡ ಕೊಡಬೇಕೆಂದು ದಲ್ಲಾಳಿ ಹೇಳುತ್ತಿದ್ದಾರೆ. ನೆಂಟರು ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿ ಎನ್ನುತ್ತಾರೆ. ಇಂಥ ಮನೆಯ ಯೋಗ್ಯತೆಯನ್ನು ಅಳೆಯುವುದು ಹೇಗೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮಾನ್ಯರೆ, ಈ ವಾರ ಮುಂಗಡ ಕೊಡಬೇಡಿ. ಸುಮಾರು ಅರವತ್ತು ವರ್ಷದಿಂದ ನಿಂತಿರುವ ಮನೆಯನ್ನು ಒಂದು ವಾರದಲ್ಲಿ ಅರಿಯಲಾಗದು.

ನೀವು ಕೊಡಲಿರುವ ಹಣದ ಬಹುಪಾಲು ಮನೆಗಲ್ಲ, ನೆಲಕ್ಕೆ. ಆದ್ದರಿಂದ ಪರಿಶೀಲನೆಯನ್ನು ತಲೆಬಾಗಿಲಿನಿಂದ ಆರಂಭಿಸದೆ ಕಾಂಪೌಂಡಿನ ಮೂಲೆಯಿಂದ ಆರಂಭಿಸಿ. ಕ್ರಯಪತ್ರದಲ್ಲಿರುವ ಚಕ್ಕುಬಂದಿಯನ್ನು ಕೈಯಲ್ಲಿ ಹಿಡಿದು, ಮೋಜಣಿದಾರರೊಬ್ಬರಿಂದ ನಾಲ್ಕೂ ಬದಿಗಳನ್ನೂ ಕರ್ಣಗಳನ್ನೂ ಅಳತೆ ಮಾಡಿಸಿ. ದೊಡ್ಡ ನಿವೇಶನಗಳಲ್ಲಿ ಹಿಂದಿನ ಗೋಡೆ ಬಿದ್ದು ಮತ್ತೆ ಕಟ್ಟುವಾಗ ಒಂದಷ್ಟು ಆಚೀಚೆ ಸರಿದಿರುವುದು ಅಪರೂಪವಲ್ಲ. 110 ಅಡಿ ಉದ್ದದ ಬದಿಯಲ್ಲಿ ಗೋಡೆ ಒಂದೂವರೆ ಅಡಿ ಒಳಗೆ ಬಂದಿದ್ದರೂ 165 ಚದರಡಿ ನೆಲ ಕಡಿಮೆಯಾಗುತ್ತದೆ, ಆದರೆ ಬೆಲೆಯನ್ನು ಮಾತ್ರ ಪೂರ್ತಿ 8800 ಚದರಡಿಗೆ ಕೇಳಿರುತ್ತಾರೆ.

ಅದಾದ ಮೇಲೆ ಗೇಟಿನ ಹೊರಗೆ ನಿಂತು ರಸ್ತೆಯ ಮಟ್ಟವನ್ನೂ ಮನೆಯ ಮುಂದಿನ ನೆಲದ ಮಟ್ಟವನ್ನೂ ಹೋಲಿಸಿ ನೋಡಿ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಬಂದಿರುವುದರಿಂದ ರಸ್ತೆಗಳು ಎತ್ತರವಾಗಿ, ಒಂದು ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗಳಿಗೆ ಈಗ ಒಂದೇ ಮೆಟ್ಟಿಲು ಉಳಿದಿದೆ. ನಿಮ್ಮ ನಡುಮನೆಯ ತೇವಕ್ಕೆ ಇದೇ ಕಾರಣವಾಗಿರುವ ಸಾಧ್ಯತೆ ಹೆಚ್ಚು: ಹೊರಗಿನ ಮಣ್ಣು ಅಥವಾ ಸಿಮೆಂಟ್ ಅಂಗಳ ತಳಪಾಯದ ಪಟ್ಟಿಗಿಂತ, ಅಂದರೆ ತಳಪಾಯ ಮುಗಿದು ಗೋಡೆ ಆರಂಭವಾಗುವ ಮಟ್ಟಕ್ಕಿಂತ, ಮೇಲೇರಿದಾಗ ಗೋಡೆ ನೆಲದ ನೀರನ್ನು ಹೀರಿಕೊಂಡು, ಎರಡು ಮೂರು ಅಡಿ ಎತ್ತರದವರೆಗೆ ಬಿಳಿಯ ಉಪ್ಪನ್ನು ಹೊರಹಾಕುತ್ತದೆ. ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆಗೆ ನಂತರದಲ್ಲಿ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ದರೆ ತೇವ ಆರಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ಇಂಥ ತೇವವನ್ನು ಹೊಸ ಬಣ್ಣದಿಂದ ಮುಚ್ಚಬಹುದು, ಗುಣಪಡಿಸಲಾಗದು. ಹೊರಗಿನ ಮಣ್ಣನ್ನು ತಗ್ಗಿಸಿ, ಗೋಡೆಯ ಬುಡದಿಂದ ನೀರು ದೂರ ಹರಿಯುವಂತೆ ಇಳಿಜಾರು ಮಾಡಿ, ಆ ಭಾಗದ ಪ್ಲಾಸ್ಟರನ್ನು ಕೆತ್ತಿ ಮತ್ತೆ ಸುಣ್ಣದ ಗಾರೆ ಬಳಿಯುವುದು ಸರಿಯಾದ ಕ್ರಮ. ಅದಕ್ಕೆ ಹಣ ಬೇಕು, ಆದರೆ ಅದು ಮನೆಯನ್ನು ಕೆಡವುವಷ್ಟು ದೊಡ್ಡ ದೋಷವಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ, ಪರಿಚಿತರೊಬ್ಬರಿಗಾಗಿ ನಗರದ ಪಶ್ಚಿಮ ಭಾಗದ ಮನೆಯೊಂದನ್ನು ಮಾರ್ಚಿಯ ಬಿಸಿಲಿನಲ್ಲಿ ನೋಡಿ, ಒಳ್ಳೆಯದೆಂದು ಹೇಳಿಬಿಟ್ಟೆ. ಅಕ್ಟೋಬರಿನ ಮೊದಲ ದೊಡ್ಡ ಮಳೆಗೆ ಹಿತ್ತಲಿನಲ್ಲಿ ಮೊಣಕಾಲುದ್ದ ನೀರು ನಿಂತಿತು. ಹಿಂದಿನ ಚರಂಡಿಯನ್ನು ಯಾರೋ ಮುಚ್ಚಿದ್ದರೆಂಬುದು ಆಗಷ್ಟೇ ತಿಳಿಯಿತು. ಅವರ ಮುಖ ಇಂದಿಗೂ ನೆನಪಿದೆ. ಮೈಸೂರಿನಲ್ಲಿ ಮೇ ತಿಂಗಳಲ್ಲೂ ಸೆಪ್ಟೆಂಬರ್‌–ಅಕ್ಟೋಬರಿನಲ್ಲೂ ಜೋರು ಮಳೆಯಾಗುತ್ತದೆ. ಸಾಧ್ಯವಿದ್ದರೆ ಅಂಥ ಒಂದು ಮಳೆಯ ಮರುದಿನ ಹೋಗಿ ನೋಡಿ. ಇಲ್ಲವಾದರೆ ಅಕ್ಕಪಕ್ಕದ ಮನೆಯವರನ್ನು, ಮುಖ್ಯವಾಗಿ ಬಹುಕಾಲದಿಂದ ಅಲ್ಲಿರುವ ಹಿರಿಯರನ್ನು ಕೇಳಿ. ಸುತ್ತಮುತ್ತ ರಾಜಕಾಲುವೆ ಅಥವಾ ಹಳೆಯ ನಾಲೆ ಹಾದುಹೋಗಿತ್ತೇ ಎಂಬುದನ್ನು ಹಳೆಯ ಗ್ರಾಮ ನಕಾಶೆಯಲ್ಲಿ ಪರಿಶೀಲಿಸಿ. ಕುಕ್ಕರಹಳ್ಳಿ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆಯಂಥ ದಾರಿಗಳು ಹಲವೆಡೆ ಕಣ್ಣಿಗೆ ಕಾಣದಂತಾಗಿವೆ, ಆದರೆ ಮಳೆಗಾಲದಲ್ಲಿ ನೀರು ತನ್ನ ಹಳೆಯ ದಾರಿಯನ್ನೇ ಹುಡುಕುತ್ತದೆ.

ಇನ್ನು ಬಿರುಕಿನ ವಿಷಯ. ಹದಿನಾರು ವರ್ಷಗಳ ಅಂತರದಲ್ಲಿ, ಬೇರೆ ಬೇರೆ ತಳಪಾಯಗಳ ಮೇಲೆ ಕಟ್ಟಿದ ಎರಡು ಭಾಗಗಳು ಸೇರುವಲ್ಲಿ ನೇರವಾದ ಬಿರುಕು ಮೂಡುವುದು ಸಹಜ. ಅದು ಈಗಲೂ ಅಗಲವಾಗುತ್ತಿದೆಯೇ ಎಂಬುದೇ ಮುಖ್ಯ. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ತುಂಡನ್ನು ಅಂಟಿಸಿ, ದಿನಾಂಕ ಬರೆದಿಟ್ಟು, ಒಂದೆರಡು ತಿಂಗಳ ನಂತರ ನೋಡುವುದು ಹಳೆಯದಾದರೂ ನಂಬಬಹುದಾದ ಪರೀಕ್ಷೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲಿನ ಆಕಾರದಲ್ಲಿ ಇಟ್ಟಿಗೆಗಳ ಸಂದಿನಲ್ಲಿ ಸಾಗುವ ಬಿರುಕು ಕಂಡರೆ ತಳಪಾಯ ಕುಸಿಯುತ್ತಿದೆಯೆಂದು ಅನುಮಾನಿಸಿ, ರಚನಾ ಎಂಜಿನಿಯರರನ್ನು ಕರೆಯಿಸಿ. ನನಗೆ ಹೆಚ್ಚು ಆತಂಕವಿರುವುದು 1984ರ ತಾರಸಿಯ ಬಗ್ಗೆ. ಕೆಳಗಿನಿಂದ ನೋಡಿದಾಗ ಕಂದು ಕಲೆಗಳು, ಉದುರಿದ ಗಾರೆ, ಹೊರಬಂದ ತುಕ್ಕುಗಂಬಿ ಕಂಡರೆ ನೀರು ಕಂಬಿಯನ್ನು ತಲುಪಿದೆಯೆಂದು ಅರ್ಥ; ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಶಬ್ದ ಬರುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ಅಂಥ ಗುರುತುಗಳು ಅಲ್ಲಲ್ಲಿ ಇದ್ದರೆ ದುರಸ್ತಿ ಸಾಧ್ಯ. ತಾರಸಿಯ ಅರ್ಧದಷ್ಟು ತುಂಬಿದರೆ ಹಿಂಭಾಗವನ್ನು ಕೆಡವುವ ಲೆಕ್ಕದಲ್ಲಿಯೇ ಬೆಲೆ ಮಾತಾಡಬೇಕು. ಇದಕ್ಕೆ ಹೋಲಿಸಿದರೆ ಹೆಂಚಿನ ಮಾಡು ಸುಲಭ: ಒಡೆದ ಹೆಂಚನ್ನೂ ಲಡ್ಡಾದ ರೀಪುಗಳನ್ನೂ ಬದಲಿಸಬಹುದು. ತೊಲೆಗಳ ತುದಿ ಗೋಡೆಯೊಳಗೆ ಸೇರುವಲ್ಲಿ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ, ಅದು ಸಲೀಸಾಗಿ ಒಳಹೋದರೆ ಗೆದ್ದಲು ಹಿಡಿದಿದೆ ಅಥವಾ ಮರ ಲಡ್ಡಾಗಿದೆ ಎಂದರ್ಥ.

ವೈರಿಂಗ್ ಮತ್ತು ನೀರಿನ ಕೊಳವೆಗಳನ್ನು ಪೂರ್ತಿ ಬದಲಿಸಬೇಕಾಗುತ್ತದೆಂದೇ ಭಾವಿಸಿ. ಅಷ್ಟು ಹಳೆಯ ಮನೆಯಲ್ಲಿ ಅರ್ತಿಂಗ್ ಸರಿಯಿರುವುದು ಕಡಿಮೆ, ಕಬ್ಬಿಣದ ಕೊಳವೆಗಳು ಒಳಗೇ ತುಕ್ಕುಗಟ್ಟಿ ಕಿರಿದಾಗಿರುತ್ತವೆ. ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಹಾಗೆಯೇ ಅದರ ಬಳಿ ಹಳೆಯ ಶೌಚಗುಂಡಿ ಇದೆಯೇ ಎಂದೂ ಕೇಳಿ.

ಶ್ರೀಗಂಧದ ಮರಗಳ ಬಗ್ಗೆ ಎಚ್ಚರವಿರಲಿ. 2001ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಖಾಸಗಿ ನೆಲದ ಗಂಧದ ಮರ ನೆಲದ ಒಡೆಯರಿಗೇ ಸೇರುತ್ತದೆ. ಆದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಇಷ್ಟಬಂದವರಿಗೆ ಮಾರುವಂತೆಯೂ ಇಲ್ಲ. ಅವು ಹೊಸ ಕಟ್ಟಡದ ಜಾಗದಲ್ಲೇ ಬಂದರೆ ನಿಮ್ಮ ಯೋಜನೆ ತಡವಾಗಬಹುದು.

ಕಾಗದಪತ್ರಗಳನ್ನು ವಕೀಲರು ನೋಡಬೇಕು, ಆದರೂ ಮೂರು ಸಂಗತಿಗಳನ್ನು ನೀವೇ ಕೇಳಿ ತಿಳಿಯಿರಿ. 1968ರ ಸುಮಾರಿಗೆ ಮೈಸೂರಿನ ಬಡಾವಣೆಗಳಲ್ಲಿ ನಿವೇಶನ ಹಂಚುತ್ತಿದ್ದುದು 1903ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ. ಈ ನಿವೇಶನವೂ ಹಾಗೆ ಬಂದಿದ್ದರೆ, ಹಂಚಿಕೆ ಪತ್ರದ ನಂತರ ಅಂತಿಮ ಕ್ರಯಪತ್ರ ನೋಂದಣಿಯಾಗಿದೆಯೇ ಎಂದು ನೋಡಿ. ಆ ಕೊನೆಯ ಹೆಜ್ಜೆಯನ್ನು ಮರೆತ ಕುಟುಂಬಗಳಿವೆ. ಎರಡನೆಯದಾಗಿ, ಯಜಮಾನರು ಉಯಿಲು ಬರೆಯದೆ ತೀರಿಕೊಂಡಿದ್ದು, ಕುಟುಂಬಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುವುದಾದರೆ, ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಪತ್ನಿಗೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಮೂವರು ಮಕ್ಕಳು ಎಂದು ದಲ್ಲಾಳಿ ಹೇಳಿದ ಲೆಕ್ಕದಲ್ಲಿ ಮದುವೆಯಾಗಿ ಹೋದ ಮಗಳು ಬಿಟ್ಟುಹೋಗಿಲ್ಲ ತಾನೆ? ವಂಶವೃಕ್ಷವನ್ನು ಕೇಳಿ ಪಡೆದು, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕುವಂತೆ ನೋಡಿಕೊಳ್ಳಿ. ವಿದೇಶದಲ್ಲಿರುವವರು ಅಧಿಕಾರ ಪತ್ರ ಕಳಿಸಿದರೆ ಅವರೊಡನೆ ಒಮ್ಮೆ ನೇರವಾಗಿ ಮಾತಾಡಿ. ಮೂರನೆಯದು ಋಣಭಾರ ಪತ್ರ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ. ಆನ್‌ಲೈನಿನಲ್ಲಿ ಸಿಗುವುದು 2004ರಿಂದ ಈಚಿನ ದಾಖಲೆ ಮಾತ್ರ. ಅದಕ್ಕಿಂತ ಹಿಂದಿನದನ್ನು ಉಪನೋಂದಣಾಧಿಕಾರಿಗಳ ಕಚೇರಿಯ ಹಳೆಯ ಪುಸ್ತಕಗಳಿಂದ, 1968ರವರೆಗೂ ತೆಗೆಸಿ.

ಕೆಡವಬೇಕೇ ಎಂಬುದಕ್ಕೆ ನನ್ನ ಉತ್ತರ: ತಾರಸಿಯ ವರದಿ ಬರುವವರೆಗೆ ನಿರ್ಧರಿಸಬೇಡಿ. ಹೆಂಚಿನ ಮುಂಭಾಗ ಗಟ್ಟಿಯಿದ್ದರೆ ಅದನ್ನು ಉಳಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ; ದಪ್ಪ ಗೋಡೆ, ಎತ್ತರದ ಸೂರು, ಕೆಂಪು ಗಾರೆಯ ನೆಲವಿರುವ ಅಂಥ ಕೋಣೆಗಳ ತಂಪನ್ನು ಹೊಸ ಮನೆಯಲ್ಲಿ ಪಡೆಯುವುದು ಕಷ್ಟ, ನಿಮ್ಮ ವಯಸ್ಸಿಗೆ ಅದು ದೊಡ್ಡ ನೆಮ್ಮದಿ. ಆದರೆ ಬೆಲೆಯನ್ನು ನೆಲದ ದರಕ್ಕೆ ನಿಲ್ಲಿಸಿ, ದುರಸ್ತಿಗೆ ಇಬ್ಬರು ಮೇಸ್ತ್ರಿಗಳಿಂದ ಲಿಖಿತ ಅಂದಾಜು ಪಡೆದು, ಅದನ್ನು ಮುಂದಿಟ್ಟು ಚೌಕಾಸಿ ಮಾಡಿ.

ಪ್ರಶ್ನೆ: ಮಂಡ್ಯ ಪಟ್ಟಣದ ಅಂಚಿನಲ್ಲಿ, ಗದ್ದೆ ಬಯಲಿನ ಪಕ್ಕದ ಹಳೆಯ ಮನೆಯೊಂದನ್ನು ಬೇಸಿಗೆಯಲ್ಲಿ ನೋಡಿದೆವು, ನೆಲ ಒಣಗಿತ್ತು. ಕೊಳ್ಳಬಹುದೇ?
– ಇನ್ನೊಬ್ಬ ಓದುಗರು, ಮಂಡ್ಯ

ಉತ್ತರ: ವಿಶ್ವೇಶ್ವರಯ್ಯ ನಾಲೆಗೆ ಕೃಷ್ಣರಾಜಸಾಗರದಿಂದ ನೀರು ಬಿಟ್ಟು, ಸುತ್ತಲಿನ ಗದ್ದೆಗಳಲ್ಲಿ ಭತ್ತದ ನಾಟಿ ಮುಗಿದ ಮೇಲೆ ಮತ್ತೊಮ್ಮೆ ನೋಡಿ. ಆಗ ಅಂತರ್ಜಲ ಮೇಲೇರುವುದರಿಂದ, ಬೇಸಿಗೆಯಲ್ಲಿ ಒಣಗಿದ್ದ ನೆಲದಲ್ಲೂ ಜೌಗು ಕಾಣಿಸಬಹುದು, ಶೌಚಗುಂಡಿ ತುಂಬಿ ನಿಲ್ಲಬಹುದು. ಮಣ್ಣು ಎರೆಯಾಗಿದ್ದರೆ ಅದು ನೆನೆದಾಗ ಹಿಗ್ಗಿ, ಒಣಗಿದಾಗ ಕುಗ್ಗುವುದರಿಂದ ನೆಲಹಾಸೂ ಗೋಡೆಯೂ ಬಿರಿಯುತ್ತವೆ. ಬೇಸಿಗೆಯಲ್ಲಿ ಹಿತ್ತಲಿನ ನೆಲ ಕೈ ತೂರುವಷ್ಟು ಸೀಳುಬಿಟ್ಟಿತ್ತೇ ಎಂಬುದನ್ನು ನೆನಪಿಸಿಕೊಳ್ಳಿ. ಹಾಗಿದ್ದರೆ ತಳಪಾಯದ ಪಕ್ಕದಲ್ಲಿ ಗುಂಡಿ ತೋಡಿಸಿ, ಅದು ಎಷ್ಟು ಆಳಕ್ಕೆ ಇಳಿದಿದೆ, ಯಾವ ಮಣ್ಣಿನ ಮೇಲೆ ಕುಳಿತಿದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಮಾತು ಮುಂದುವರಿಸಿ.