ರಾತ್ರಿಯಿಡೀ ಚಾರ್ಜಿನಲ್ಲಿರುವ ಫೋನು: ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

ಪ್ರಶ್ನೆ: ಮಲಗುವಾಗ ಫೋನನ್ನು ಚಾರ್ಜಿಗೆ ಹಾಕಿ ಬೆಳಿಗ್ಗೆ ತೆಗೆಯುವುದು ರೂಢಿ. ನೂರು ತುಂಬಿದ ಮೇಲೂ ಕರೆಂಟು ಹರಿಯುತ್ತಲೇ ಇದ್ದು ಬ್ಯಾಟರಿ ಸಿಡಿಯುತ್ತದೆ ಎಂದು ಮನೆಯಲ್ಲಿ ಹೆದರಿಸುತ್ತಾರೆ. ನಿಜವೇ?
– ಕಾಲೇಜು ವಿದ್ಯಾರ್ಥಿನಿ, ಹಾಸನ

ಉತ್ತರ: ಹರಿಯುತ್ತಲೇ ಇರುವುದಿಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಡಬ್ಬಿಯನ್ನು ಚಾರ್ಜರ್ ಅನ್ನುತ್ತೇವೆ. ಅದು ಮಾಡುವ ಕೆಲಸ 230 ವೋಲ್ಟನ್ನು 5 ಅಥವಾ 9 ವೋಲ್ಟಿಗೆ ಇಳಿಸಿಕೊಡುವುದು ಮಾತ್ರ. ಎಷ್ಟು ಕರೆಂಟನ್ನು ಬ್ಯಾಟರಿಗೆ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ನೋಡಿಕೊಳ್ಳುವ ಚಿಪ್ ಫೋನಿನೊಳಗೇ ಇದೆ. ಶುರುವಿನಲ್ಲಿ ಅದು ಹೆಚ್ಚು ಕರೆಂಟು ಬಿಡುತ್ತದೆ. ಸೆಲ್ಲಿನ ವೋಲ್ಟೇಜು ಮೇಲಿನ ಗಡಿ ಮುಟ್ಟಿದ ಮೇಲೆ (ಹಳೆಯ ಸೆಲ್ಲುಗಳಲ್ಲಿ 4.2, ಈಗಿನ ಹಲವು ಸೆಲ್ಲುಗಳಲ್ಲಿ 4.4ರ ಆಸುಪಾಸು) ಕರೆಂಟನ್ನು ಮೆಲ್ಲಗೆ ಇಳಿಸುತ್ತ ಬಂದು ಕೊನೆಗೆ ಪೂರ್ತಿ ನಿಲ್ಲಿಸುತ್ತದೆ. ಕೊನೆಯ ಶೇ 10 ತುಂಬಲು ಅಷ್ಟು ಹೊತ್ತು ಹಿಡಿಯುವುದು ಇದಕ್ಕೇ.

ಹಾಗಾದರೆ ಚಿಂತೆಯೇ ಬೇಡವೇ? ಸಿಡಿಯುವ ಚಿಂತೆ ಬೇಡ, ಸವೆತದ ಚಿಂತೆ ಇರಲಿ. ಲಿಥಿಯಂ ಸೆಲ್ ತುಂಬಿ ತುಳುಕುವ ಸ್ಥಿತಿಯಲ್ಲಿ ನಿಂತಿದ್ದಷ್ಟು ಹೊತ್ತೂ ಒಳಗಿನ ದ್ರಾವಣ ವಿದ್ಯುದ್ವಾರಗಳ ಜೊತೆ ಸ್ವಲ್ಪ ಸ್ವಲ್ಪವೇ ರಾಸಾಯನಿಕ ಕ್ರಿಯೆ ನಡೆಸುತ್ತದೆ. ಬಿಸಿ ಸೇರಿದರೆ ಆ ಕ್ರಿಯೆಯ ವೇಗ ಹೆಚ್ಚುತ್ತದೆ. ರಾತ್ರಿ ಹನ್ನೊಂದಕ್ಕೆ ಹಾಕಿದ ಫೋನು ಒಂದು ಗಂಟೆಗೇ ತುಂಬಿದರೆ ಬೆಳಗಿನ ಆರರವರೆಗೆ ಐದು ತಾಸು ಹಾಗೇ ನಿಲ್ಲುತ್ತದೆ. ಇದಕ್ಕಾಗಿಯೇ ಐಫೋನುಗಳಲ್ಲಿ 2019ರ ಐಒಎಸ್ 13ರಿಂದ ಶೇ 80ಕ್ಕೆ ತಡೆದು, ನೀವು ಏಳುವ ಹೊತ್ತಿಗೆ ಪೂರ್ತಿ ತುಂಬುವ ಏರ್ಪಾಡಿದೆ. ಐಫೋನ್ 15 ಮತ್ತು ನಂತರದವುಗಳಲ್ಲಿ ಶೇ 80ಕ್ಕೆ ಪೂರ್ತಿ ನಿಲ್ಲಿಸಲೂ ಬರುತ್ತದೆ. ಸ್ಯಾಮ್‌ಸಂಗ್, ಪಿಕ್ಸೆಲ್, ಒನ್‌ಪ್ಲಸ್ ಫೋನುಗಳಲ್ಲೂ ಇಂಥದ್ದಿದೆ. ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗದಲ್ಲಿ ‘ಪ್ರೊಟೆಕ್ಷನ್’, ‘ಆಪ್ಟಿಮೈಸ್ಡ್’ ಅಥವಾ ‘ಅಡಾಪ್ಟಿವ್’ ಎಂಬ ಪದ ಹುಡುಕಿ ಆನ್ ಮಾಡಿ. ಆಮೇಲೆ ನಿಶ್ಚಿಂತೆಯಿಂದ ಮಲಗಿ.

ಪ್ರಶ್ನೆ: ನಮ್ಮ ಹಸು ಕರು ಹಾಕುವ ದಿನ ಹತ್ತಿರ ಬಂದಿದೆ. ಕೊಟ್ಟಿಗೆಗೆ ಪದೇ ಪದೇ ಹೋಗುವ ಬದಲು ಹಳೆಯ ಆಂಡ್ರಾಯ್ಡ್ ಫೋನಿಗೆ ಕ್ಯಾಮೆರಾ ಆ್ಯಪ್ ಹಾಕಿ, ಕಂಬಕ್ಕೆ ಕಟ್ಟಿ, ರಾತ್ರಿಯಿಡೀ ಚಾರ್ಜಿನಲ್ಲೇ ಓಡಿಸುತ್ತಿದ್ದೇವೆ. ಹದಿನೈದು ದಿನವಾಯಿತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಈಗ ಹಿಂಬದಿಯ ಮುಚ್ಚಳ ಒಂದು ಕಡೆ ಎದ್ದಿದೆ. ಒತ್ತಿ ಅಂಟಿಸಿದರೆ ಸಾಕೇ?
– ರೈತ, ತಿಪಟೂರು ತಾಲ್ಲೂಕು

ಉತ್ತರ: ದಯವಿಟ್ಟು ಒತ್ತಬೇಡಿ, ಅಂಟಿಸಲೂಬೇಡಿ. ಮುಚ್ಚಳ ತಾನಾಗಿ ಎದ್ದಿಲ್ಲ, ಬ್ಯಾಟರಿ ಊದಿಕೊಂಡು ಅದನ್ನು ಎತ್ತಿದೆ. ಮೊದಲು ಗೋಡೆಯ ಸ್ವಿಚ್ ಆರಿಸಿ, ವೈರು ಕಿತ್ತು, ಫೋನ್ ಸ್ವಿಚ್ ಆಫ್ ಮಾಡಿ. ಹುಲ್ಲು, ಮೇವು, ಗೋಣಿಚೀಲದಿಂದ ದೂರ ಒಯ್ದು, ಒಣ ಮರಳು ತುಂಬಿದ ಮಣ್ಣಿನ ಮಡಕೆಯಲ್ಲೋ ತಗಡಿನ ಡಬ್ಬಿಯಲ್ಲೋ ಇಟ್ಟು, ಮನೆಯ ಹೊರಗೆ ನೆರಳಿನಲ್ಲಿಡಿ. ಡಬ್ಬಿಯ ಬಾಯಿ ಬಿಗಿಯಬೇಡಿ. ಗಾಳಿ ಹೋಗಲಿ ಎಂದು ಸೂಜಿ ಚುಚ್ಚುವವರಿದ್ದಾರೆ. ಚುಚ್ಚಿದರೆ ಒಳಗಿನ ಧನ ಋಣ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ, ಹೊರಬರುವ ಅನಿಲಕ್ಕೂ ಬೆಂಕಿ ಹತ್ತುತ್ತದೆ. ಸರ್ವಿಸ್ ಸೆಂಟರಿನವರಿಗೆ ಊದಿದೆ ಎಂದು ಮೊದಲೇ ಹೇಳಿ ಕೊಡಿ. ತೆಗೆದ ಬ್ಯಾಟರಿ ಕಸದ ಗುಂಡಿಗೆ ಹೋಗಕೂಡದು, ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಹೋಗಬೇಕು.

ಹದಿನೈದೇ ದಿನಕ್ಕೆ ಹೀಗೇಕಾಯಿತು? ಮಲಗಿಸಿಟ್ಟು ಚಾರ್ಜ್ ಮಾಡುವ ಫೋನಿಗೆ ತುಂಬಿದ ಮೇಲೆ ವಿಶ್ರಾಂತಿಯಿದೆ, ತಣ್ಣಗಾಗುತ್ತದೆ. ಓಡುತ್ತಲೇ ಇರುವ ಫೋನಿಗೆ ಅದಿಲ್ಲ. ಕ್ಯಾಮೆರಾ, ವೈಫೈ, ಪ್ರೊಸೆಸರ್ ಮೂರೂ ಬ್ಯಾಟರಿಯ ಮಗ್ಗುಲಲ್ಲೇ ಕುಳಿತು ಬಿಸಿ ಕಾರುತ್ತವೆ. ಚಾರ್ಜ್ ಸ್ವಲ್ಪ ಇಳಿದ ಕೂಡಲೇ ಚಿಪ್ ಮತ್ತೆ ತುಂಬುತ್ತದೆ, ಇಳಿಯುತ್ತದೆ, ತುಂಬುತ್ತದೆ. ಹೀಗೆ ಹಳೆಯ ಸೆಲ್ ತುಂಬಿದ ಸ್ಥಿತಿಯಲ್ಲೂ ಬಿಸಿಯಲ್ಲೂ ಒಟ್ಟಿಗೆ ಸಿಕ್ಕಿಬಿದ್ದು, ದ್ರಾವಣ ಒಡೆದು ಅನಿಲವಾಗಿ ಬ್ಯಾಟರಿಯ ಹೊರಚೀಲ ಊದುತ್ತದೆ. ಕವರ್ ತೆಗೆಯದೆ ಕಟ್ಟಿದ್ದರೆ ಇನ್ನೂ ಬೇಗ.

ಈ ಕೆಲಸಕ್ಕೆ ಒಳಗೆ ಬ್ಯಾಟರಿಯೇ ಇಲ್ಲದ ವೈಫೈ ಕ್ಯಾಮೆರಾ ತರುವುದೇ ಸರಿ. ಹಗಲು ರಾತ್ರಿ ಓಡಲೆಂದೇ ಅದನ್ನು ಮಾಡಿರುತ್ತಾರೆ, ಕತ್ತಲಲ್ಲೂ ಕಾಣುವ ಇನ್‌ಫ್ರಾರೆಡ್ ದೀಪವೂ ಇರುತ್ತದೆ. ಆದರೆ ಹಸು ನಾಳೆಯೇ ಕರು ಹಾಕುವಂತಿದ್ದು, ಊದಿರದ ಇನ್ನೊಂದು ಫೋನ್ ಮನೆಯಲ್ಲಿದ್ದರೆ ಹೀಗೆ ಮಾಡಿ.

ಫಾಸ್ಟ್ ಚಾರ್ಜರ್ ಬಿಟ್ಟು 5 ವೋಲ್ಟ್, 1 ಆಂಪಿಯರಿನ ಹಳೆಯ ಅಡಾಪ್ಟರ್ ಹಾಕಿ. ಕರೆಂಟು ಅರ್ಧವಾದರೆ ಸೆಲ್ಲಿನ ಒಳರೋಧದಲ್ಲಿ ಹುಟ್ಟುವ ಬಿಸಿ ಕಾಲುಭಾಗಕ್ಕೆ ಇಳಿಯುತ್ತದೆ. ಪರದೆ ಆರಿರಲಿ, ವಿಡಿಯೊ ಗುಣಮಟ್ಟ 480ಪಿ ಸಾಕು, ಸಿಮ್ ತೆಗೆದಿಡಿ. ಸಿಗ್ನಲ್ ಹುಡುಕುತ್ತ ಫೋನ್ ಬಿಸಿಯಾಗುವುದು ಹಳ್ಳಿಗಳಲ್ಲಿ ತೀರಾ ಸಾಮಾನ್ಯ.

ಇನ್ನು ಟೈಮರ್, ಬ್ಯಾಟರಿ ಸದಾ ತುಂಬಿಯೇ ನಿಲ್ಲದಂತೆ ಚಾರ್ಜರನ್ನು ಆಗಾಗ ತಾನಾಗಿ ಆರಿಸಲು. 24 ಗಂಟೆಯ, 15 ನಿಮಿಷಕ್ಕೊಂದು ಹಲ್ಲಿರುವ ಪ್ಲಗ್ ಟೈಮರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. 3000 ಎಂಎಎಚ್ ಬ್ಯಾಟರಿಯೆಂದರೆ ಸುಮಾರು 11.5 ವಾಟ್-ಅವರ್. ಕ್ಯಾಮೆರಾ ಸುಮಾರು 2 ವಾಟ್ ಎಳೆದರೆ ಗಂಟೆಗೆ ಶೇ 17ರಷ್ಟು ಇಳಿಯುತ್ತದೆ. ಅಡಾಪ್ಟರಿನ 5 ವಾಟಿನಲ್ಲಿ ಈ 2 ಮತ್ತು ಬಿಸಿಯಾಗಿ ಹೋಗುವುದನ್ನು ಕಳೆದರೆ ಎರಡೂವರೆ ವಾಟ್ ಬ್ಯಾಟರಿಗೆ ಉಳಿದೀತು. ಅಂದರೆ 45 ನಿಮಿಷಕ್ಕೆ ಹತ್ತಿರ ಹತ್ತಿರ ಶೇ 17. ಹೀಗಾಗಿ 45 ನಿಮಿಷ ಆನ್, ಒಂದು ಗಂಟೆ ಆಫ್ ಎಂದು ಹಲ್ಲುಗಳನ್ನು ಹೊಂದಿಸಿ, ಸಂಜೆ ಶೇ 60 ಇರುವಾಗ ಶುರುಮಾಡಿ. ಬೆಳಿಗ್ಗೆ ಶೇ 80 ದಾಟಿದ್ದರೆ ಆನ್ ಅವಧಿಯಲ್ಲಿ ಅಲ್ಲಲ್ಲಿ ಒಂದು ಹಲ್ಲು ಕಡಿಮೆ ಮಾಡಿ, ಶೇ 40ಕ್ಕಿಂತ ಇಳಿದಿದ್ದರೆ ಒಂದು ಹಲ್ಲು ಸೇರಿಸಿ. ಕರೆಂಟ್ ಹೋದರೆ ಟೈಮರಿನ ಗಡಿಯಾರವೂ ನಿಲ್ಲುತ್ತದೆ. ನಮ್ಮದು ಗಂಟೆ ನೋಡಿ ಮಾಡುವ ಲೆಕ್ಕವಲ್ಲವಾದ್ದರಿಂದ ತೊಂದರೆಯಿಲ್ಲ.

ಗಂಜಲದಿಂದ ಏಳುವ ಅಮೋನಿಯಾ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ ಎಂಬುದನ್ನೂ ನೆನಪಿಡಿ. ಕೊಟ್ಟಿಗೆಯ ಸಾಕೆಟ್ಟಿನಲ್ಲಿ ಹಸಿರು ಕಿಲುಬು ಕಂಡರೆ ಅದು ಸಡಿಲ ಸಂಪರ್ಕದ, ಕಿಡಿಯ ಮುನ್ಸೂಚನೆ. ಅಡಾಪ್ಟರ್ ಮತ್ತು ಟೈಮರ್ ಮನೆಯ ಗೋಡೆಯಲ್ಲೇ ಇರಲಿ, 5 ವೋಲ್ಟಿನ ವೈರು ಮಾತ್ರ ಕೊಟ್ಟಿಗೆಗೆ ಹೋಗಲಿ. 3 ಮೀಟರಿಗಿಂತ ಉದ್ದದ ತೆಳು ಕೇಬಲಿನಲ್ಲಿ ವೋಲ್ಟೇಜ್ ಇಳಿದು ಚಾರ್ಜೇ ಆಗದಿರಬಹುದು, ದಪ್ಪ ಕೇಬಲ್ ಕೊಳ್ಳಿ. ಫೋನನ್ನು ಹಸುವಿನ ಕತ್ತು, ಕೊಂಬು, ನಾಲಿಗೆ ತಾಗದ ಎತ್ತರದಲ್ಲಿ, ಹಿಂದೆ ಒಂದು ಬೆರಳು ಗಾಳಿ ಆಡುವಂತೆ ಕಟ್ಟಿ.

ಪ್ರಶ್ನೆ: ಮಗ ಫೋನನ್ನು ದಿಂಬಿನಡಿ ಚಾರ್ಜಿಗಿಟ್ಟು ಹಾಡು ಕೇಳುತ್ತಾ ಮಲಗುತ್ತಾನೆ. ನಮ್ಮಲ್ಲಿ ಬೇಸಿಗೆಯ ಸೆಕೆ ಗೊತ್ತೇ ಇದೆಯಲ್ಲ.
– ಗೃಹಿಣಿ, ರಾಯಚೂರು

ಉತ್ತರ: ಇವತ್ತೇ ನಿಲ್ಲಿಸಿ. ಐಫೋನಿನ ಕೈಪಿಡಿಯೇ ಸುತ್ತಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎನ್ನುತ್ತದೆ. ನಿಮ್ಮೂರಿನ ಮೇ ತಿಂಗಳಲ್ಲಿ ತಾರಸಿ ಮನೆಯ ಕೋಣೆ ರಾತ್ರಿಯಲ್ಲೂ ಅದರ ಹತ್ತಿರ ಇರುತ್ತದೆ. ಹತ್ತಿಯ ದಿಂಬು ಬಿಸಿಯನ್ನು ಹೊರಬಿಡುವುದಿಲ್ಲ, ಮೈಭಾರಕ್ಕೆ ಪಿನ್ನು ಬಾಗುತ್ತದೆ, ಬೆವರು ಪಿನ್ನಿನೊಳಗೆ ಇಳಿದು ಸಂಪರ್ಕ ಕಪ್ಪಾಗಿ ಸುಡುತ್ತದೆ. ಹಾಡು ಬೇಕೇ ಇದ್ದರೆ ಚಾರ್ಜ್ ಮುಗಿಸಿ, ವೈರು ತೆಗೆದು, ಟೇಬಲ್ ಮೇಲಿಟ್ಟು ಕೇಳಲಿ. ಕಲ್ಲಿನ ಕಪಾಟು, ರೆಡ್ ಆಕ್ಸೈಡ್ ನೆಲ ಕೂಡ ಒಳ್ಳೆಯ ಜಾಗ.

ಪ್ರಶ್ನೆ: ಚಾರ್ಜರನ್ನು ಬೋರ್ಡಿನಲ್ಲೇ ಬಿಟ್ಟರೆ ಬಿಲ್ಲು ಏರುತ್ತದೆಯೇ? ರಸ್ತೆ ಬದಿಯ ಅಗ್ಗದ ಚಾರ್ಜರ್ ಬಳಸಬಹುದೇ?
– ನಿವೃತ್ತ ಶಿಕ್ಷಕ, ಸಾಗರ

ಉತ್ತರ: ಬಿಲ್ಲಿನ ಮಾತು ಬಿಡಿ. 5000 ಎಂಎಎಚ್ ಫೋನನ್ನು ಪೂರ್ತಿ ತುಂಬಲು ನಷ್ಟವೂ ಸೇರಿ ಸುಮಾರು 25 ವಾಟ್-ಅವರ್ ಸಾಕು, ಒಂದು ಯೂನಿಟ್ಟಿಗೆ (1000 ವಾಟ್-ಅವರ್) 40 ಸಲ ತುಂಬಬಹುದು. ಸುಮ್ಮನೆ ಸಿಕ್ಕಿಸಿಟ್ಟ ಒಳ್ಳೆಯ ಅಡಾಪ್ಟರ್ 0.1 ವಾಟ್ ಎಳೆದರೂ ವರ್ಷಕ್ಕೆ ಒಂದು ಯೂನಿಟ್ ಆಗದು.

ಅಗ್ಗದ್ದರಲ್ಲಿ ಭಯ ಬೇರೆಯೇ. 230 ವೋಲ್ಟಿನ ಭಾಗಕ್ಕೂ 5 ವೋಲ್ಟಿನ ಭಾಗಕ್ಕೂ ನಡುವೆ ಇರಬೇಕಾದ ಅಂತರವನ್ನೂ ನಿರೋಧಕ ಟೇಪನ್ನೂ ಅಲ್ಲಿ ಕಾಸು ಉಳಿಸಲು ಕಡಿತ ಮಾಡಿರುತ್ತಾರೆ. ಅದು ಸೋತರೆ ಫೋನ್ ಹಿಡಿದ ಕೈಗೇ ಶಾಕ್. ಅಡಾಪ್ಟರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ ‘ಆರ್-’ ಎಂದು ಶುರುವಾಗುವ ಎಂಟು ಅಂಕಿಯ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಡಬ್ಬಿಯ ಮೇಲಿನ ಹೆಸರಿಗೂ ಅದಕ್ಕೂ ಹೊಂದದಿದ್ದರೆ ಕೊಳ್ಳಬೇಡಿ.

ಬಿಲ್ಲಿಗಾಗಿ ಅಲ್ಲದಿದ್ದರೂ ಗುಡುಗು ಮಿಂಚಿಗಾಗಿ ಚಾರ್ಜರ್ ಕಿತ್ತಿಡಿ. ಭರಣಿ ಮಳೆಯ ಸಂಜೆ ಮಿಂಚಿದಾಗ ಸ್ವಿಚ್ ಆರಿಸಿದರಷ್ಟೇ ಸಾಲದು, ಸ್ವಿಚ್ಚಿನೊಳಗಿನ ಸಣ್ಣ ಅಂತರವನ್ನು ಸಿಡಿಲಿನ ವೋಲ್ಟೇಜ್ ಸಲೀಸಾಗಿ ಹಾರುತ್ತದೆ. ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದಾಗಲೂ ಹಾಗೇ, ಮನೆಗೆ 230ರ ಬದಲು 400ರ ಹತ್ತಿರ ಬರಬಹುದು. ಬಲ್ಬು ಇದ್ದಕ್ಕಿದ್ದಂತೆ ಪ್ರಖರವಾದರೆ ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಲೈನ್‌ಮನ್‌ಗೆ ಫೋನ್ ಮಾಡಿ.