ನಿಮ್ಮ ಸ್ವಭಾವ ಸರಿಯಾಗೇ ಇದೆ

ಪ್ರಶ್ನೆ: ನನಗೆ 33 ವರ್ಷ. ಮದುವೆಗೆ ಮುಂಚೆ ಒಬ್ಬ ಆಡಿಟರ್ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಮಾರ್ಚ್ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೆ ಕೂತರೂ ಬೇಜಾರಾಗುತ್ತಿರಲಿಲ್ಲ. ಮಧ್ಯಾಹ್ನ ಇಬ್ಬರು ಗೆಳತಿಯರ ಜೊತೆ ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದೆ. ಮಗ ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಈಗ ಅವನು ಎರಡನೇ ಕ್ಲಾಸ್. ಯಜಮಾನರಿಗೆ ಹಾರ್ಡ್‌ವೇರ್ ಅಂಗಡಿ ಇದೆ. ಒಳ್ಳೆಯವರು, ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದರೆ ಅವರಿಗೆ ಜನ ಬೇಕು, ಭಾನುವಾರ ಬಂತೆಂದರೆ ಮನೆ ತುಂಬ ಸ್ನೇಹಿತರು. ನಾನು ಅಡುಗೆಮನೆ ಬಿಟ್ಟು ಹೊರಗೆ ಬರಲ್ಲ. ಯಾರೂ ಕೇಳದಿದ್ದರೂ ಇನ್ನೊಂದು ಒಬ್ಬೆ ಮಿರ್ಚಿ ಕರಿಯುತ್ತಾ ನಿಲ್ಲುತ್ತೇನೆ. ಮೊಬೈಲಿನಲ್ಲಿ ಪರ್ಸನಾಲಿಟಿ ಟೆಸ್ಟ್ ಮಾಡಿದೆ, ಇಂಟ್ರೊವರ್ಟ್ ಅಂತ ಬಂತು. 'ನಿನ್ನ ಸ್ವಭಾವನೇ ಅಷ್ಟು' ಅನ್ನುತ್ತಾರೆ ಇವರು. ಅಂಗಡಿ ಲೆಕ್ಕ ನಾನು ನೋಡಲಾ ಅಂದರೆ 'ನಿಂಗ್ಯಾಕೆ ಆ ತಲೆನೋವು' ಅಂತಾರೆ. ಎಲ್ಲಾ ಇದ್ದೂ ಏನೋ ಕಡಿಮೆ ಅನ್ನಿಸುತ್ತೆ. 12 ಸಾವಿರ ಕಟ್ಟಿ ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಿಗೆ ಸೇರಲಾ? ಇಲ್ಲಾ ಸುಮ್ನೆ ಹೀಗೇ ಇದ್ದುಬಿಡಲಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಕ್ಲಾಸಿಗೆ ಸೇರಬೇಡಿ. ಆ ದುಡ್ಡು ನಿಮ್ಮ ಹತ್ತಿರವೇ ಇರಲಿ.

ಇನ್ನು ಆ ಟೆಸ್ಟು. ನಾಲ್ಕು ಇಂಗ್ಲಿಷ್ ಅಕ್ಷರ ಕೊಟ್ಟು 'ನೀವು ಇಂಥವರು' ಅನ್ನುವ ಪರೀಕ್ಷೆಗಳಿಗೆಲ್ಲ ಮೂಲ ಅಮೆರಿಕದ ಒಬ್ಬ ತಾಯಿ ಮತ್ತು ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದಿದ್ದನ್ನು ಇಟ್ಟುಕೊಂಡು ಅವರು ಇದನ್ನು ಕಟ್ಟಿದರು. ಇಬ್ಬರೂ ಮನಶ್ಶಾಸ್ತ್ರ ಓದಿ ಬಂದವರಲ್ಲ. ಕೆಲವು ವಾರ ಬಿಟ್ಟು ಮತ್ತೆ ಮಾಡಿದರೆ ಎಷ್ಟೋ ಜನಕ್ಕೆ ಬೇರೆಯೇ ಅಕ್ಷರ ಬರುತ್ತದೆ. ಇವತ್ತು ಸಂಶೋಧಕರು ಜಾಸ್ತಿ ಬಳಸುವುದು ಐದು ಗುಣಗಳ ಲೆಕ್ಕವನ್ನು. ಅದರಲ್ಲಿ ಯಾರೂ ಆ ಕಡೆ ಅಥವಾ ಈ ಕಡೆ ಅಂತಿಲ್ಲ, ಎಲ್ಲರಲ್ಲೂ ಎಲ್ಲವೂ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ. ಬಹಳ ಜನ ಇರುವುದು ನಡುವೆಯೇ. ನೀವು ಸ್ವಲ್ಪ ಒಳಮುಖಿ (ಇಂಟ್ರೊವರ್ಟ್) ಇರಬಹುದು. ಇದ್ದರೇನಾಯ್ತು? ಅದು ಕಾಯಿಲೆಯಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಿರ್ಚಿಯ ವಿಷಯ. ಜನರಿಂದ ತಪ್ಪಿಸಿಕೊಳ್ಳಲು ಒಲೆ ಮುಂದೆ ನಿಲ್ಲುತ್ತೇನೆ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಪೂರ್ತಿ ಹಾಗನ್ನಿಸಲಿಲ್ಲ. ಇಡೀ ವಾರದಲ್ಲಿ ನೀವು ಶುರು ಮಾಡಿ, ಹದ ನೋಡಿ, ಮುಗಿಸಿ, 'ಚೆನ್ನಾಗಿದೆ' ಅನ್ನಿಸಿಕೊಳ್ಳುವ ಕೆಲಸ ಅದೊಂದೇ ಅಲ್ವಾ? ಪಾತ್ರೆ, ಬಟ್ಟೆ, ಮಗನ ಹೋಂವರ್ಕ್ ಇವೆಲ್ಲ ಮುಗಿಯುವ ಕೆಲಸಗಳಲ್ಲ, ಮಾಡಿದರೆ ಯಾರಿಗೂ ಕಾಣಲ್ಲ, ಬಿಟ್ಟರೆ ಮಾತ್ರ ಎಲ್ಲರಿಗೂ ಕಾಣುತ್ತೆ.

ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಮನುಷ್ಯರ ಮನಸ್ಸಿಗೆ ಮೂರು ಬೇಕು ಅಂತ ಹೇಳುತ್ತಾರೆ. ನನ್ನ ಬದುಕಿನ ತೀರ್ಮಾನ ಒಂದಿಷ್ಟಾದರೂ ನನ್ನ ಕೈಲಿರಬೇಕು. ಏನೋ ಒಂದು ಕೆಲಸ ನನಗೆ ಚೆನ್ನಾಗಿ ಬರುತ್ತೆ ಅನ್ನಿಸಬೇಕು. ನನ್ನವರು ಅನ್ನಿಸುವ ಕೆಲವರು ಇರಬೇಕು. ಮಾತು ಕಡಿಮೆ ಇರುವವರಿಗೂ ಈ ಮೂರು ಬೇಕು, ವಾಚಾಳಿಗಳಿಗೂ ಬೇಕು. ಸ್ವಭಾವದಿಂದ ಬದಲಾಗುವುದು ಅದನ್ನು ಪಡೆಯುವ ದಾರಿ ಮಾತ್ರ. ನಿಮ್ಮ ಯಜಮಾನರಿಗೆ 'ನನ್ನವರು' ಅಂದರೆ ಹಾಲ್ ತುಂಬ ಜನ. ನಿಮಗೆ ಡಬ್ಬಿ ಹಂಚಿಕೊಳ್ಳುವ ಇಬ್ಬರು ಸಾಕು. ಆ ಇಬ್ಬರೂ ಈಗ ನಿಮ್ಮ ಜೊತೆಗಿಲ್ಲ. ಕೈಲಿದ್ದ ಕೆಲಸವೂ ಇಲ್ಲ. ಭಾನುವಾರ ಎಷ್ಟು ಜನ ಬರುತ್ತಾರೆ ಅನ್ನುವುದು ಕೂಡ ಬೇರೆಯವರ ತೀರ್ಮಾನ. ಮೂರೂ ಒಟ್ಟಿಗೆ ಹೋದ ಮೇಲೆ 'ಏನೋ ಕಡಿಮೆ' ಅನ್ನಿಸದೆ ಇನ್ನೇನಾಗುತ್ತೆ!

ಹೊಟ್ಟೆ ಬಟ್ಟೆಗೆ ಇದೆಯಲ್ಲ, ಇನ್ನೇನು ಬೇಕು ಅಂತ ಯಾರಾದರೂ ಕೇಳಬಹುದು. ಹೊಟ್ಟೆ ತುಂಬಿದ ಮೇಲೇ ಉಳಿದ ಬೇಕುಗಳು ಎದ್ದು ಕಾಣುತ್ತವೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೊ 1943ರಲ್ಲೇ ಬರೆದಿದ್ದರು. ಇದನ್ನು ಕೊಬ್ಬು ಅನ್ನಬೇಡಿ, ಅನ್ನುವವರ ಮಾತು ಕೇಳಲೂಬೇಡಿ.

ಒಂದು ಮಾತು ಕೇಳಿಬಿಡುತ್ತೇನೆ. ನಿದ್ದೆ, ಊಟ ಕೆಟ್ಟಿದೆಯಾ? ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲವಾ? ಹಾಗಿದ್ದರೆ ನನ್ನ ಸಲಹೆ ಪಕ್ಕಕ್ಕಿಟ್ಟು ಮೊದಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇಲ್ಲವಾದರೆ, ಕೆಲಸದಿಂದ ಶುರು ಮಾಡಿ. ಅಂಗಡಿ ಲೆಕ್ಕ ಬೇಡ. ಯಜಮಾನರು ಬೇಡ ಅಂದದ್ದಕ್ಕಲ್ಲ, ಅದು ಸಂಬಳವಿಲ್ಲದ ಇನ್ನೊಂದು ಮನೆಕೆಲಸ ಆಗಿಬಿಡುತ್ತೆ, ಒಂದು ಎಂಟ್ರಿ ತಪ್ಪಿದರೆ ಜಗಳ ರಾತ್ರಿ ಊಟದವರೆಗೂ ಬರುತ್ತೆ. ಅದರ ಬದಲು ನಿಮ್ಮ ಹಳೇ ಆಫೀಸಿಗೇ ಫೋನ್ ಹಚ್ಚಿ. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವ ವ್ಯಾಪಾರಿಗಳಿಗೆ 11ನೇ ತಾರೀಕು ಒಂದು ಗಡುವು, 20ಕ್ಕೆ ಇನ್ನೊಂದು. ಆ ದಿನಗಳಲ್ಲಿ ಲೆಕ್ಕ ಗೊತ್ತಿರುವ ಕೈ ಸಿಕ್ಕರೆ ಯಾವ ಆಡಿಟರ್ ಬೇಡ ಅಂತಾರೆ? ಅರ್ಧ ದಿನದ ಕೆಲಸ ಕೇಳಿ. ಸಂಬಳ ಎಷ್ಟೇ ಇರಲಿ, ನಿಮ್ಮ ಹೆಸರಿನ ಖಾತೆಗೇ ಬರಲಿ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಮರೆತಿದ್ದರೂ, ಕೂತರೆ ವಾರದಲ್ಲಿ ನೆನಪಾಗುತ್ತೆ.

ಯಜಮಾನರ ಹತ್ತಿರ ಮಾತಾಡುವಾಗ 'ನೀವು ನನ್ನನ್ನು ಅರ್ಥ ಮಾಡಿಕೊಳ್ಳಲ್ಲ' ಅಂತ ಶುರು ಮಾಡಬೇಡಿ. ಒಳ್ಳೆಯವರು ಅಂತ ನೀವೇ ಬರೆದಿದ್ದೀರಿ. ಅಂಥವರಿಗೆ ಹಾಗಂದರೆ ಬೇಜಾರಾಗುತ್ತೆ, ಮಾತು ಅಲ್ಲೇ ನಿಲ್ಲುತ್ತೆ. 'ರೀ, ಮಧ್ಯಾಹ್ನ ಎರಡರವರೆಗೆ ಕೆಲಸಕ್ಕೆ ಹೋಗಬೇಕು ಅಂತಿದ್ದೀನಿ' ಅಂತ ನೇರ ಹೇಳಿ. ಹೋಗಲಾ ಅಂತ ಕೇಳಬೇಡಿ. ಭಾನುವಾರದ್ದೂ ಅಷ್ಟೇ: ಯಾರು, ಎಷ್ಟು ಜನ ಅಂತ ಶುಕ್ರವಾರವೇ ತಿಳಿಯಬೇಕು, ತಿಂಗಳಲ್ಲಿ ಎರಡು ಭಾನುವಾರ ಮನೆ ಖಾಲಿ ಇರಬೇಕು. ಆ ಎರಡರಲ್ಲಿ ಒಂದು ದಿನ ಡಬ್ಬಿಯ ಗೆಳತಿಯರನ್ನು ಕರೆಯಿರಿ, ಮಿರ್ಚಿ ಯಜಮಾನರು ಕರಿಯಲಿ.

ಇವಕ್ಕೆಲ್ಲ ಮೊದಲು ಒಂದು ಸಣ್ಣ ಲೆಕ್ಕ ಬಾಕಿ ಇದೆ. ಮಗ ಶಾಲೆಯಿಂದ ಬರುವುದು ಎಷ್ಟು ಹೊತ್ತಿಗೆ, ಆಗ ಮನೆಯಲ್ಲಿ ಯಾರಿರುತ್ತಾರೆ ಅಂತ ನೀವು ಬರೆದಿಲ್ಲ. ಅದನ್ನು ನೋಡಿಕೊಂಡು ಫೋನ್ ಮಾಡಿ, ಯಾಕೆಂದರೆ ಆಡಿಟರ್ ಕೇಳುವ ಮೊದಲ ಪ್ರಶ್ನೆ ಅದೇ ಇರುತ್ತೆ.